ದೋಹಾದಲ್ಲಿ ಒಂಬತ್ತು ಗಂಟೆ: ಅಪ್ಪ-ಅಮ್ಮನಿಗೆ ಯಾವ ಟಿಕೆಟ್ ತೆಗೀಲಿ?

ತುಂಗೆಯ_ತೀರ
ಶನಿವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು. ನಾನಿರೋದು ಡಲ್ಲಾಸ್ ಹತ್ತಿರ. ಅಪ್ಪ (69), ಅಮ್ಮ (63) ತೀರ್ಥಹಳ್ಳಿ ಕಡೆಯವರು. ಇಬ್ಬರೂ ವಿಮಾನ ಹತ್ತಿದ್ದು ಒಂದೇ ಸಲ, ಕಾಶಿಗೆ ಹೋದಾಗ. ಈಗ ಮೊಮ್ಮಗು ಬರ್ತಾ ಇದೆ ಅಂತ ಮೊದಲ ಸಲ ಅಮೆರಿಕಕ್ಕೆ ಹೊರಟಿದಾರೆ. ಅಪ್ಪನಿಗೆ ಶುಗರ್, ಅಮ್ಮನಿಗೆ ಮಂಡಿ ನೋವು. ಅಪ್ಪನಿಗೆ ಇಂಗ್ಲಿಷ್ ಓದಕ್ಕೆ ಬರುತ್ತೆ, ಆದರೆ ಅಲ್ಲಿಯವರು ಗಡಗಡ ಅಂತ ಮಾತಾಡಿದ್ರೆ ಅರ್ಥ ಆಗಲ್ಲ.

ನನ್ನ ಮುಂದೆ ಮೂರು ಟಿಕೆಟ್ ಇದೆ. ಒಂದು, ದೋಹಾ ಮೂಲಕ, ಮಧ್ಯೆ 1 ಗಂಟೆ 50 ನಿಮಿಷ. ಎರಡು, ಅದೇ ದೋಹಾ, ಮಧ್ಯೆ 9 ಗಂಟೆ. ಮೂರು, ದುಬೈ ಮೂಲಕ, 8 ಗಂಟೆ. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನಮ್ಮವರು "ಬೇಗ ಮುಗಿಯೋದು ತಗೋ, ಒಂಬತ್ತು ಗಂಟೆ ಪಾಪ ಅಲ್ಲಿ ಏನು ಮಾಡ್ತಾರೆ" ಅಂತಾರೆ. ನನಗ್ಯಾಕೋ ಧೈರ್ಯ ಬರ್ತಿಲ್ಲ. ಹೋಗಿಬಂದವರು ಹೇಳಿ.

ಬೋರ್ಡಿಂಗ್_ಪಾಸ್
ಶನಿವಾರ, ರಾತ್ರಿ 9:30

ಮೊದಲನೇದು. ಯೋಚನೆ ಮಾಡೋದೇನೂ ಇಲ್ಲ. ಎರಡು ವಿಮಾನವೂ ಒಂದೇ ಪಿಎನ್‌ಆರ್‌ನಲ್ಲಿದ್ರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದ್ರೂ ಮುಂದಿನ ವಿಮಾನಕ್ಕೆ ಹಾಕೋದು ಏರ್‌ಲೈನ್ ಹೊಣೆ. ವೀಲ್‌ಚೇರ್ ಬರೆಸಿಬಿಡಿ, ಅವರೇ ಬಾಗಿಲಿಗೆ ಮುಟ್ಟಿಸ್ತಾರೆ. ನಾನು ವರ್ಷಕ್ಕೆ ಎಂಟು ಸಲ ಹಾರ್ತೀನಿ, ಎರಡು ಗಂಟೆ ದಾಟಿದ ಲೇಓವರ್ (ಎರಡು ವಿಮಾನದ ಮಧ್ಯೆ ಕಾಯೋದು) ಅಂದ್ರೆ ನನಗೆ ಶಿಕ್ಷೆ.

ನಿವೃತ್ತ_ಮೇಷ್ಟ್ರು
ಶನಿವಾರ, ರಾತ್ರಿ 10:05

ಬೋರ್ಡಿಂಗ್ ಪಾಸ್ ಅವರೇ, ನಿಮಗೆಷ್ಟು ವಯಸ್ಸು? ಜಗಳಕ್ಕೆ ಕೇಳ್ತಿಲ್ಲ. ನನಗೆ 72. ಮೈಸೂರಿನಿಂದ ಮಗನ ಮನೆಗೆ ಐದು ಸಲ ಹೋಗಿಬಂದಿದ್ದೇವೆ. ಇಲ್ಲಿ ಪ್ರಶ್ನೆ ಕೇಳುವವರು ಮಕ್ಕಳು, ಉತ್ತರ ಹೇಳುವವರೂ ಮಕ್ಕಳು. ಪ್ರಯಾಣ ಮಾಡುವ ಮುದುಕರು ಮಾತ್ರ ಕೊರಿಯರ್ ಪಾರ್ಸೆಲ್ ಇದ್ದ ಹಾಗೆ ಬಾಯಿ ಮುಚ್ಚಿಕೊಂಡು ಇರ್ತೀವಿ.

ಮೊದಲ ಸಲ ನಮಗೂ ಮಗ ಹೀಗೇ "ಬೇಗ ಮುಗಿಯೋ" ಟಿಕೆಟ್ ತೆಗೆದಿದ್ದ. ಮಧ್ಯೆ 1 ಗಂಟೆ 40 ನಿಮಿಷ. ಜನವರಿ ತಿಂಗಳು, ದೇವನಹಳ್ಳಿಯಲ್ಲಿ ಮಂಜು. ಮುಕ್ಕಾಲು ಗಂಟೆ ತಡವಾಗಿ ಹೊರಟಿತು. ಇಳಿದ ಮೇಲೆ ಬಸ್ಸು, ಬಸ್ಸಿನ ಮೇಲೆ ಮತ್ತೆ ಸೆಕ್ಯುರಿಟಿ, ಅಲ್ಲಿ ಬೆಲ್ಟು ಬಿಚ್ಚು, ಕೋಟು ಬಿಚ್ಚು. ಆಮೇಲೆ ಓಟ. ನಮ್ಮ ಮನೆಯವರ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ. ವಿಮಾನ ಸಿಕ್ಕಿತು, ನಿಜ. ಸೂಟ್‌ಕೇಸಿಗೆ ಸಿಗಲಿಲ್ಲ, ಅದು ಎರಡು ದಿನ ಬಿಟ್ಟು ಬಂತು. ಆದರೆ ಅವತ್ತು ಆ ಹದಿನೈದು ಗಂಟೆಯ ವಿಮಾನದಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಬಿ.ಪಿ. ಏರಿತ್ತೋ, ಅವಮಾನವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲಿನ ನಾಲ್ಕು ಪ್ರಯಾಣದಲ್ಲೂ ಟಿಕೆಟ್ ಆರಿಸಿದ್ದು ನಾನು. ಏಳರಿಂದ ಹತ್ತು ಗಂಟೆ. ಇಳಿದು, ಮುಖ ತೊಳೆದು, ಕಾಫಿ ಕುಡಿದು, ನಿಧಾನಕ್ಕೆ ಬೋರ್ಡ್ ಓದಿ, ದಾರಿ ತಪ್ಪಿ, ಮತ್ತೆ ಕೇಳಿ, ಮತ್ತೆ ತಪ್ಪಿ ಹೋದರೂ ಸಮಯ ಮಿಗುತ್ತದೆ. ದಾರಿ ತಪ್ಪಲು ಪುರುಸೊತ್ತು ಇದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ, ಮಗಳೇ.

ಬೋರ್ಡಿಂಗ್_ಪಾಸ್
ಶನಿವಾರ, ರಾತ್ರಿ 10:20

41 ಸಾರ್. ಸೋತೆ ಅಂತ ಈಗಲೇ ಒಪ್ಪಲ್ಲ, ಆದ್ರೆ ಚಪ್ಪಲಿ ವಿಷಯ ಓದಿ ನಮ್ಮಮ್ಮ ನೆನಪಾದ್ರು.

ಎಂಎನ್‌ಸಿ_ಕೂಲಿ
ಶನಿವಾರ, ರಾತ್ರಿ 11:02

ಮೇಡಂ, ಮೂರೂ ಕೊಲ್ಲಿ ದೇಶದ ಮೂಲಕವೇ ಇರೋದು ನಿಮ್ಮ ಪುಣ್ಯ. ವಿಮಾನ ನಿಲ್ದಾಣದ ಒಳಗೇ ಇರೋದಾದ್ರೆ ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ ಟ್ರಾನ್ಸಿಟ್ ವೀಸಾ ತಕರಾರಿಲ್ಲ. ಯುರೋಪಿನ ಕೆಲವು ದೇಶಗಳಲ್ಲಿ ಹಾಗಿರಲಿಲ್ಲ. ನಾನು ಎಚ್1ಬಿ ಅನ್ನೋ ಕೆಲಸದ ವೀಸಾದಲ್ಲಿದ್ದಾಗ ಪಾಸ್‌ಪೋರ್ಟಿನಲ್ಲಿದ್ದ ಅಮೆರಿಕ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿತ್ತು. ಕೈಯಲ್ಲಿ ಐ-797 ಅನ್ನೋ ಒಪ್ಪಿಗೆ ಕಾಗದ ಇದ್ಯಲ್ಲ, ಅಮೆರಿಕದಲ್ಲಿರೋಕೆ ಅದೇ ಸಾಕು ಅಂತ ಯುರೋಪ್ ಮೂಲಕ ಊರಿಗೆ ಟಿಕೆಟ್ ತೆಗೆದೆ. ಕೌಂಟರಲ್ಲೇ ತಡೆದ್ರು. ಆ ಕಾಗದ ಅಮೆರಿಕದೊಳಗೆ ನಡೆಯೋದು, ಆ ಮಧ್ಯದ ದೇಶಕ್ಕೆ ಬೇಕಾಗಿದ್ದದ್ದು ಚಾಲ್ತಿಯಲ್ಲಿರೋ ಅಮೆರಿಕ ವೀಸಾ. ಅಕ್ಕನ ಮದುವೆಗೆ ನಾನು ಬಂದದ್ದು ಬೀಗರೂಟದ ದಿನ. ನಿಮ್ಮ ಅಪ್ಪ-ಅಮ್ಮನಿಗೆ ಹೊಸ ವೀಸಾ ಇರೋದ್ರಿಂದ ಇದು ಅನ್ವಯಿಸಲ್ಲ, ಓದುತ್ತಿರೋ ಬೇರೆಯವರಿಗೆ ಹೇಳ್ತಿದೀನಿ.

ಮತ್ತೆ ಊಟ. ಟಿಕೆಟ್ ತೆಗೆದ ಕೂಡಲೇ ಹಾಕಿ, ಕೊನೇ ದಿನ ಕೇಳಿದ್ರೆ ಸಿಗಲ್ಲ. ನೀವು ಸಸ್ಯಾಹಾರಿಗಳಾದ್ರೆ ಹಾಕಬೇಕಾದ ಊಟದ ಕೋಡ್ ಎವಿಎಂಎಲ್. ಈರುಳ್ಳಿ-ಬೆಳ್ಳುಳ್ಳಿಯೂ ಬೇಡ ಅಂದ್ರೆ ವಿಜೆಎಂಎಲ್, ಅದು ಜೈನರ ಊಟ. "ಹಿಂದೂ ಮೀಲ್" ಅಂತ ಒಂದಿದೆ, ಎಚ್‌ಎನ್‌ಎಂಎಲ್. ಹೆಸರು ನೋಡಿ ನಮ್ಮತ್ತೆಗೆ ಅದನ್ನ ಹಾಕಿಸಿದ ಬುದ್ಧಿವಂತ ನಾನೇ. ಅದು ಮಾಂಸದೂಟ! ದನ-ಹಂದಿ ಇರಲ್ಲ ಅಷ್ಟೆ. ಏಕಾದಶಿ ದಿನ, ಮೂವತ್ತೈದು ಸಾವಿರ ಅಡಿ ಮೇಲೆ, ಅತ್ತೆ ಮುಚ್ಚಳ ತೆಗೆದ್ರೆ ಕೋಳಿ.

ಕಡಲತಡಿ
ಭಾನುವಾರ, ಬೆಳಿಗ್ಗೆ 7:15

ಅತ್ತೆ ಈಗ ಮಾತಾಡ್ತಾರಾ ಮಾರಾಯ್ರೆ?

ಎಂಎನ್‌ಸಿ_ಕೂಲಿ
ಭಾನುವಾರ, ಬೆಳಿಗ್ಗೆ 8:40

ಮಾತಾಡ್ತಾರೆ. ಆ ವಿಷಯ ಮಾತ್ರ ಮಾತಾಡ್ತಾರೆ.

ಧಾರವಾಡ_ಫೇಡೆ
ಭಾನುವಾರ, ಬೆಳಿಗ್ಗೆ 9:10

ನಾ ದೋಹಾದಾಗ ನಾಕು ವರ್ಷ ಕೆಲಸ ಮಾಡೇನ್ರಿ ಅಕ್ಕಾರ. ಆ ವಿಮಾನ ನಿಲ್ದಾಣ ಅಂದ್ರ ಒಂದು ಊರಿದ್ದಂಗ ಐತಿ. 2014ರಾಗ ಸುರು ಆತು. ನಡುಮಧ್ಯ ಒಂದು ಹಳದಿ ಕರಡಿ ಕುಂತಾದ, ತಲಿ ಮ್ಯಾಲೆ ದೀಪ ಇಟ್ಗೊಂಡು. ಉರ್ಸ್ ಫಿಷರ್ ಅನ್ನೋ ಸ್ವಿಸ್ ಕಲಾವಿದ ಮಾಡಿದ್ದು, ಏಳು ಮೀಟರ್ ಹತ್ರ ಎತ್ತರ. ಚಂದ ಐತೋ ಇಲ್ಲೋ ನಾ ಹೇಳಂಗಿಲ್ಲ, ಆದ್ರ ದೂರದಿಂದ ಕಾಣ್ತದ. ನಿಮ್ಮ ಅಪ್ಪಾರಿಗೆ ಹೇಳ್ರಿ, "ಒಬ್ಬರಿಗೊಬ್ಬರು ತಪ್ಪಿಸಿಕೊಂಡ್ರ ಕರಡಿ ಕೆಳಗ ಬಂದು ನಿಂದರ್‍ರಿ" ಅಂತ. ನಾವೆಲ್ಲಾ ಹಂಗ ಮಾಡ್ತಿದ್ವಿ.

ಮಲಗಾಕ ಕ್ವಾಯಟ್ ರೂಮ್ ಅಂತ ಅದಾವ, ರೊಕ್ಕ ಇಲ್ಲ. ಒರಗೋ ಕುರ್ಚಿ ಇರ್ತಾವ. ಗಂಡಸರಿಗೆ ಬ್ಯಾರೆ, ಹೆಂಗಸರಿಗೆ ಬ್ಯಾರೆ, ಕುಟುಂಬಕ್ಕೂ ಬ್ಯಾರೆ ಇರ್ತದ. ಗುರ್ತು ಹಿಡದು ಕುಟುಂಬದ್ದಕ್ಕ ಹೋಗಾಕ ಹೇಳ್ರಿ. ಇಲ್ಲಂದ್ರ ಅಪ್ಪ ಒಂದು ಕಡೆ ನಿದ್ದಿ, ಅವ್ವ ಒಂದು ಕಡೆ ಚಿಂತಿ. ರೊಕ್ಕ ಕೊಡಾಕ ತಯಾರಿದ್ರ ಒಳಗ ಹೋಟೆಲ್ಲೂ ಐತಿ, ಇಮಿಗ್ರೇಶನ್ ದಾಟೂದು ಬ್ಯಾಡ. ಇಬ್ಬರಿಗೂ ಆರು ತಾಸು ಹಾಸಿಗಿ ಸಿಕ್ರ ಮುಂದಿನ 16 ತಾಸಿನ ಹಾದಿ ಹಗುರ ಆಕ್ಕತಿ. ಎರಡನೇ ಟಿಕೆಟ್ ತಗೊಂಡ್ರ ನಾ ಅಂತೂ ಅಲ್ಲೇ ರೊಕ್ಕ ಹಾಕ್ತೀನಿ.

ಊರಾಗ ಹೋಗಾಕ ಹೇಳಬ್ಯಾಡ್ರಿ. ಮೆಟ್ರೋ ಐತಿ, ವಿಮಾನ ನಿಲ್ದಾಣದಿಂದ ರೆಡ್ ಲೈನ್, ಮಶೈರಿಬ್‌ನಾಗ ಬದಲಿ ಮಾಡಿ ಗೋಲ್ಡ್ ಲೈನಿಗೆ ಒಂದು ನಿಲ್ದಾಣ, ಸೂಕ್ ವಾಖಿಫ್ ಬಂತು. ಹಳೇ ಪ್ಯಾಟಿ, ಚಂದ ಐತಿ. ಅಲ್ಲಿಂದ ಸಮುದ್ರದ ದಂಡಿಗೆ ಇಸ್ಲಾಮಿಕ್ ಕಲಾ ಸಂಗ್ರಹಾಲಯ, ಐ. ಎಂ. ಪೇ ಅನ್ನೋ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ್ದು. ಹುಡುಗರು ಹೋಗಬೇಕು. ಆದ್ರ ನಮ್ಮ ಪಾಸ್‌ಪೋರ್ಟಿಗೆ ಒಳಗ ಬಿಡಬೇಕಾದ್ರ ಹೋಟೆಲ್ ಬುಕಿಂಗ್ ಕೇಳ್ತಾರ, ಬ್ಯಾಸಗ್ಯಾಗ ಬಿಸಲು ನಮ್ಮ ರಾಯಚೂರನ್ನ ನೆನಸ್ತದ. ರಾತ್ರಿಯೆಲ್ಲಾ ನಿದ್ದಿಗೆಟ್ಟ ಹಿರ್‍ಯಾರಿಗೆ ಯಾಕ್ರಿ ಬೇಕು?

(ಇಲ್ಲಿದ್ದ ಇನ್ನೊಬ್ಬರ ಉತ್ತರ ಟ್ರಾವೆಲ್ ಏಜೆನ್ಸಿಯ ಜಾಹೀರಾತಾಗಿದ್ದರಿಂದ ನಿರ್ವಾಹಕರು ತೆಗೆದಿದ್ದಾರೆ.)

ತುಂಗೆಯ_ತೀರ
ಭಾನುವಾರ, ಬೆಳಿಗ್ಗೆ 10:25

ಅಬ್ಬಾ, ಇಷ್ಟು ಜನ! ಕರಡಿ ವಿಷಯ ಅಪ್ಪನಿಗೆ ಫೋನಲ್ಲಿ ಹೇಳಿದೆ. "ಕಾಡಲ್ಲಿ ನೋಡದ ಕರಡಿಯಾ" ಅಂದ್ರು. ವೀಲ್‌ಚೇರ್ ಬಗ್ಗೆ ಹೇಳಿ. ಅಮ್ಮ ಬೇಕು ಅಂತಾರೆ, ಅಪ್ಪ "ನಡೆಯೋ ಕಾಲಿರೋವಾಗ ಗಾಡಿ ಮೇಲೆ ಕೂರೋದು ಪಾಪ" ಅಂತಾರೆ.

ರಾತ್ರಿಪಾಳಿ
ಭಾನುವಾರ, ಮಧ್ಯಾಹ್ನ 1:50

ನಾನು ನರ್ಸ್, ಡಬ್ಲಿನ್‌ನಲ್ಲಿರೋದು, ಊರು ಹಾಸನ. ಇಬ್ಬರು ಹೇಳಿದ್ದೂ ಸರಿಯೇ. ವೀಲ್‌ಚೇರಿನಲ್ಲಿ ಮೂರು ಬಗೆ. ಡಬ್ಲ್ಯೂಸಿಎಚ್‌ಆರ್ ಅಂದ್ರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. ಡಬ್ಲ್ಯೂಸಿಎಚ್‌ಎಸ್ ಅಂದ್ರೆ ಮೆಟ್ಟಿಲೂ ಆಗದು. ಡಬ್ಲ್ಯೂಸಿಎಚ್‌ಸಿ ಅಂದ್ರೆ ಸೀಟಿನವರೆಗೂ ಹೊತ್ತೊಯ್ಯಬೇಕು. ಮಂಡಿ ನೋವಿಗೆ ಮೊದಲನೇದು ಸಾಕು, ಅದರಲ್ಲಿ ಪಾಪ-ಪುಣ್ಯ ಏನೂ ಇಲ್ಲ. ಇಂಗ್ಲಿಷ್ ಬರಲ್ಲ ಅನ್ನೋ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದವರಿಗೆಲ್ಲ ಬರೆಸ್ತೀವಲ್ಲ, ಅದು ನನಗೂ ಕಸಿವಿಸಿ. ಒಂದೇ ವಿಮಾನಕ್ಕೆ ಕುರ್ಚಿಗಳ ಸಾಲು ನಿಂತಾಗ ನಿಜವಾಗಿ ಬೇಕಾದವರು ಕಾಯ್ತಾರೆ.

ಇನ್ನೊಂದು ಯಾರೂ ಹೇಳಲ್ಲ. ಲೇಓವರ್ ಉದ್ದ ಇದ್ದಾಗ ವೀಲ್‌ಚೇರ್‌ನವರು ನಿಮ್ಮನ್ನ ಒಂದು ಕಾಯುವ ಜಾಗದಲ್ಲಿ ಕೂರಿಸಿ ಹೋಗ್ತಾರೆ, ಬೋರ್ಡಿಂಗ್ ಹೊತ್ತಿಗೆ ಬಂದು ಕರ್ಕೊಂಡು ಹೋಗ್ತಾರೆ. ನಮ್ಮ ಚಿಕ್ಕಮ್ಮ ಒಂದು ದೊಡ್ಡ ನಿಲ್ದಾಣದಲ್ಲಿ ಐದು ಗಂಟೆ ಹಾಗೇ ಕೂತಿದ್ರು, ಎದ್ದು ಹೋದ್ರೆ ಬಿಟ್ಟು ಹೋಗ್ತಾರೇನೋ ಅಂತ ಬಾತ್‌ರೂಮಿಗೂ ಏಳಲಿಲ್ಲ. ಎರಡು ಗಂಟೆ ಲೇಓವರ್ ಆದ್ರೆ ವೀಲ್‌ಚೇರ್ ಬೇಕೇ ಬೇಕು. ಒಂಬತ್ತು ಗಂಟೆ ಆದ್ರೆ ನಿಧಾನಕ್ಕೆ ನಡೆದು, ಕೂತು, ಮತ್ತೆ ನಡೆದು ಹೋಗಬಹುದು. ಬೆಂಗಳೂರಿನಲ್ಲೂ ಡಲ್ಲಾಸಿನಲ್ಲೂ ಅಮ್ಮನಿಗೆ ತಗೊಳ್ಳಿ, ಇಮಿಗ್ರೇಶನ್ ಸಾಲಿನಲ್ಲಿ ನಿಲ್ಲೋದು ತಪ್ಪುತ್ತೆ. ದೋಹಾದಲ್ಲಿ ಇಳಿದ ಮೇಲೆ "ಈಗ ಬೇಡ, ಬೋರ್ಡಿಂಗ್ ಹೊತ್ತಿಗೆ ಬೇಕು" ಅಂತ ಚೀಟಿ ತೋರಿಸಿದ್ರೆ ಆಯ್ತು.

ನಡೆಯೋದರಲ್ಲೇ ಔಷಧಿ ಇದೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲ್ಲಾಡದೆ ಕೂತರೆ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಹಾಗಂತ ಗಾಬರಿ ಬೇಡ, ಅಂಥ ಪ್ರಯಾಣ ಮಾಡಿದ 6000 ಜನರಲ್ಲಿ ಸುಮಾರು ಒಬ್ಬರಿಗೆ ಆಗೋದು. ಬಸ್ಸು, ರೈಲು, ಕಾರಿಗೂ ಅದೇ ಲೆಕ್ಕ. ಅಂದ್ರೆ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಕೂತ್ಕೊಂಡು ಬರೋದೂ ಸೇರುತ್ತೆ! ಇಬ್ಬರಿಗೂ ದಾರಿ ಪಕ್ಕದ ಸೀಟು, ಎದುರುಬದುರಾಗಿ. ಉಬ್ಬಿದ ರಕ್ತನಾಳ, ಇತ್ತೀಚಿನ ಶಸ್ತ್ರಚಿಕಿತ್ಸೆ ಏನಾದ್ರೂ ಇದ್ರೆ ಡಾಕ್ಟರನ್ನ ಕೇಳಿ ಬಿಗಿ ಕಾಲುಚೀಲ ಹಾಕ್ಸಿ.

ಅಪ್ಪ ಇನ್ಸುಲಿನ್ ತಗೊಳ್ತಿದ್ರೆ ಹೊರಡೋ ಮೊದಲು ಡಾಕ್ಟರ್ ಹತ್ರ ಹೊತ್ತುಗಳನ್ನ ಬರೆಸಿಕೊಳ್ಳಿ. ಪಶ್ಚಿಮಕ್ಕೆ ಹಾರಿದಾಗ ದಿನ ಹತ್ತೂವರೆ-ಹನ್ನೊಂದೂವರೆ ಗಂಟೆ ಉದ್ದ ಆಗುತ್ತೆ, "ರಾತ್ರಿ ಊಟಕ್ಕೆ ಮುಂಚೆ" ಅನ್ನೋದಕ್ಕೆ ಅರ್ಥವೇ ಇರಲ್ಲ. ಔಷಧಿ ಎಲ್ಲ ಕೈಚೀಲದಲ್ಲಿ, ಚೀಟಿ ಸಮೇತ.

ಬೋರ್ಡಿಂಗ್_ಪಾಸ್
ಭಾನುವಾರ, ಮಧ್ಯಾಹ್ನ 3:05

ರಾತ್ರಿಪಾಳಿಯವರ ಮಾತಿಗೆ ಬಾಲ. ವಿಮಾನದೊಳಗಿನ ಗಾಳಿ ನೆಲದ ಗಾಳಿ ಅಲ್ಲ. 787, ಎ350 ಥರದ ಹೊಸ ವಿಮಾನದಲ್ಲಿ ಒಳಗಿನ ಒತ್ತಡ 6000 ಅಡಿ ಎತ್ತರದಲ್ಲಿರೋ ಹಾಗೆ ಇಟ್ಟಿರ್ತಾರೆ, ಹೆಚ್ಚುಕಮ್ಮಿ ಮುಳ್ಳಯ್ಯನಗಿರಿ ನೆತ್ತಿ. ಹಳೆಯ ವಿನ್ಯಾಸದ್ದರಲ್ಲಿ 8000 ಅಡಿವರೆಗೂ ಹೋಗುತ್ತೆ, ಅದು ಊಟಿಗಿಂತ ಮೇಲೆ. ತೇವ 20 ಶೇಕಡಾಕ್ಕಿಂತ ಕಮ್ಮಿ. 16 ಗಂಟೆ ಅಲ್ಲಿ ಕೂತು ನೀರು ಕುಡೀದೇ ಇದ್ರೆ ತಲೆ ಸಿಡಿಯದೆ ಇನ್ನೇನು? ನಮ್ಮ ಹೆಣ್ಮಕ್ಕಳು ಬಾತ್‌ರೂಮಿಗೆ ಏಳಬೇಕಾಗುತ್ತೆ ಅಂತ ನೀರು ಬಿಡ್ತಾರೆ, ಅದೇ ತಪ್ಪು. ಉಪ್ಪು, ಸಿಹಿ ಎರಡೂ ನಾಲಿಗೆಗೆ ಮಂಕಾಗುತ್ತೆ. ಅಲ್ಲಿನ ಊಟ ಸಪ್ಪೆ ಅನ್ನೋದಕ್ಕೆ ಅಡುಗೆಯವನೊಬ್ಬನೇ ಹೊಣೆ ಅಲ್ಲ. ಒಂದು ಸಣ್ಣ ಪೊಟ್ಟಣ ಚಟ್ನಿಪುಡಿ ಕೈಚೀಲದಲ್ಲಿರಲಿ. ಸಣ್ಣದು! ಅಮೆರಿಕಕ್ಕೆ ಹೋಗೋ ವಿಮಾನದಲ್ಲಿ 350 ಮಿಲಿ ಡಬ್ಬಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ರೆ ಬಿಚ್ಚಿಸಿ ನೋಡ್ತಾರೆ, 2018ರಿಂದ ಈ ನಿಯಮ. ಉಳಿದದ್ದು ಸೂಟ್‌ಕೇಸಿಗೆ.

ಹಾಂ, ಸೋತೆ. ಎರಡನೇ ಟಿಕೆಟ್ ತಗೊಳ್ಳಿ.

ಕಡಲತಡಿ
ಭಾನುವಾರ, ಸಂಜೆ 5:30

ನಾನು ದುಬೈಯಲ್ಲಿ ಹದಿನೇಳು ವರ್ಷದಿಂದ ಇದ್ದೇನೆ, ಮೂಲ ಮಂಗಳೂರು. ದೋಹಾಕ್ಕೆ ಓಟು ಹಾಕಿ ಆಯ್ತಾ ಎಲ್ಲರೂ? ದುಬೈ ಪರವಾಗಿ ಒಬ್ಬಳಾದರೂ ಮಾತಾಡಬೇಕಲ್ಲ.

ಅಮೆರಿಕ ವೀಸಾ ಇರುವ ನಮ್ಮ ಪಾಸ್‌ಪೋರ್ಟಿನವರಿಗೆ ಇಲ್ಲಿ ಇಳಿದ ಮೇಲೆಯೇ 14 ದಿನದ ವೀಸಾ ಕೊಡ್ತಾರೆ, ಶುಲ್ಕ ಉಂಟು. ಆ ಅಮೆರಿಕ ವೀಸಾಕ್ಕೆ ಇನ್ನೂ ಆರು ತಿಂಗಳಾದರೂ ಆಯುಷ್ಯ ಇರಬೇಕು. 8 ಗಂಟೆಯ ಲೇಓವರ್ ಅಂದ್ರೆ ಕೈಗೆ ಸಿಗುವುದು ನಾಲ್ಕು. ಹೊರಗೆ ಬರ್ಲಿಕ್ಕೆ ಒಂದು ಗಂಟೆ, ವಾಪಸ್ ಮೂರು ಗಂಟೆ ಮೊದಲು ಇರಬೇಕು. ಬುರ್ಜ್ ಖಲೀಫಾ ಎಲ್ಲ ಬಿಡಿ ಮಾರಾಯ್ರೆ, ಕುತ್ತಿಗೆ ನೋವು. ಟರ್ಮಿನಲ್ 3ರಲ್ಲೇ ಮೆಟ್ರೋ ಉಂಟು. ಬರ್ ದುಬೈ ಬದಿಗೆ ಬಂದ್ರೆ ಖಾಡಿ. ಈಚೆ ದಡದಿಂದ ಆಚೆ ದೇರಾ ದಡಕ್ಕೆ ಮರದ ದೋಣಿ, ಅಬ್ರಾ ಅಂತಾರೆ, ಒಂದು ದಿರ್ಹಮ್. ಬರ್ ದುಬೈ ದಡದಲ್ಲೇ ಅಲ್ ಫಹೀದಿಯ ಹಳೇ ಮನೆಗಳು, ಅವುಗಳ ಮೇಲೆ ಗಾಳಿ ಒಳಗೆ ಬರ್ಲಿಕ್ಕೆ ಕಟ್ಟಿದ ಗೋಪುರಗಳು. ಅಲ್ಲೇ ಸುತ್ತಮುತ್ತ ಇಡ್ಲಿ-ವಡೆ ಸಿಗ್ತದೆ, ಮಲೆನಾಡಿನವರಿಗೂ ಒಪ್ಪುವ ಸಾಂಬಾರು. ನಮ್ಮ ಅಮ್ಮ ಮೊದಲ ಸಲ ಬಂದವರು ಆ ದೋಣಿಯಲ್ಲಿ ಕೂತು, "ಇದು ನಮ್ಮ ಉಳ್ಳಾಲದ ಕಡವಿನ ಹಾಗೆಯೇ ಅಲ್ವನಾ, ಇದಕ್ಕೆ ಇಷ್ಟು ದೂರ ಬಂದದ್ದಾ" ಹೇಳಿದ್ರು. ಮತ್ತೆ ಎರಡು ಸಲ ಹತ್ತಿದ್ರು.

ಆದರೆ ಭಾನುವಾರ ಬೇಡ. ಭಾನುವಾರ ಮೆಟ್ರೋ ಶುರುವಾಗುವುದೇ ಬೆಳಿಗ್ಗೆ 8ಕ್ಕೆ, ಬಾಕಿ ದಿನ 5ಕ್ಕೆ. ಬೆಂಗಳೂರಿಂದ ನಸುಕಿನಲ್ಲಿ ಬಂದಿಳಿಯುವವರಿಗೆ ಅರ್ಧ ಲೇಓವರ್ ಅಲ್ಲೇ ಹೋಯ್ತು.

ಎರಡು ಎಚ್ಚರಿಕೆ. ಒಂದು, ವಾಟ್ಸ್‌ಆ್ಯಪ್ ಕರೆ ಇಲ್ಲಿ ಹೋಗುವುದಿಲ್ಲ. ಮಗಳು ಅಲ್ಲಿ "ಅಪ್ಪ ಫೋನ್ ಎತ್ತುತ್ತಿಲ್ಲ" ಅಂತ ಅಳುವುದು, ಅಪ್ಪ ಇಲ್ಲಿ ಗುಂಡಿ ಒತ್ತಿ ಒತ್ತಿ ಬೈಯುವುದು, ನಾನು ಎಷ್ಟು ಜನರದ್ದು ನೋಡಿದ್ದೇನೆ. ಧ್ವನಿ ಸಂದೇಶ ಹೋಗ್ತದೆ. ಅದನ್ನು ಕಳಿಸ್ಲಿಕ್ಕೆ ಊರಲ್ಲೇ ಅಭ್ಯಾಸ ಮಾಡಿಸಿ. ಎರಡು, ಗಸಗಸೆ. ಯುಎಇಯಲ್ಲಿ ಅದು ಮಾದಕ ವಸ್ತುವಿನ ಪಟ್ಟಿಯಲ್ಲಿ ಉಂಟು, ಸಿಂಗಾಪುರದಲ್ಲಿಯೂ ಬಿಡುವುದಿಲ್ಲ. ನಮಗೆ ಪಾಯಸ, ಅವರಿಗೆ ಅಫೀಮು. ಬಾಣಂತಿಗೆ ಅಂತ ನಿಮ್ಮ ಅಮ್ಮ ಕಟ್ಟಿ ಇಟ್ಟಿರ್ತಾರೆ ನೋಡಿ, ಈಗಲೇ ಫೋನ್ ಮಾಡಿ ಕೇಳಿ.

ತುಂಗೆಯ_ತೀರ
ಭಾನುವಾರ, ಸಂಜೆ 6:48

ಕೇಳಿದೆ. ಕಟ್ಟಿಟ್ಟಿದ್ದಾರೆ. ಕಾಲು ಕೇಜಿ.

ನಿವೃತ್ತ_ಮೇಷ್ಟ್ರು
ಭಾನುವಾರ, ಸಂಜೆ 7:30

ಹಾಗಾದರೆ ಪೂರ್ತಿ ಪಟ್ಟಿ ಕೇಳು ಮಗಳೇ. ಕೊಬ್ಬರಿ ಇದೆಯಾ? ಒಣ ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದವರಿಗೆ ಹೆದರಿಕೆ. 2022ರಲ್ಲಿ ನಮ್ಮ ನಾಗರಿಕ ವಿಮಾನ ಭದ್ರತಾ ಬ್ಯೂರೋ ಸೂಟ್‌ಕೇಸಿನಲ್ಲಿಯೂ ಬೇಡ ಎಂದಿತು. ತಿಪಟೂರಿನ ಭಾವಮೈದುನ ಪ್ರೀತಿಯಿಂದ ಕೊಟ್ಟ ಇಪ್ಪತ್ತು ಗಿಟುಕನ್ನು ದೇವನಹಳ್ಳಿಯಲ್ಲೇ ಬಿಟ್ಟು ಹೋದವನು ನಾನು. ಹಸಿ ಕರಿಬೇವು ಅಮೆರಿಕದೊಳಗೆ ಬಿಡುವುದಿಲ್ಲ, ನಿಂಬೆ-ಕಿತ್ತಳೆ ತೋಟಕ್ಕೆ ರೋಗ ತರುವ ಹುಳು ಅದರಲ್ಲಿ ಬರುತ್ತದೆ ಅಂತ. ಸಾರಿನಪುಡಿ, ಹಪ್ಪಳ, ಸಂಡಿಗೆಗೆ ತೊಂದರೆಯಾಗಿಲ್ಲ ನಮಗೆ. ಆದರೆ ತಿನ್ನುವ ವಸ್ತು ಇದೆಯಾ ಎಂದು ಕೇಳಿದಾಗ "ಇದೆ" ಅನ್ನಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡವೇ ಬೇಡ. ದೋಹಾದಲ್ಲಿ ಮತ್ತೆ ಸೆಕ್ಯುರಿಟಿ ಇದೆ, ಬೆಂಗಳೂರಲ್ಲಿ ಕೊಂಡ ನೀರಿನ ಬಾಟಲಿಯನ್ನೂ ಅಲ್ಲಿ ಎಸೆಯುತ್ತಾರೆ.

ಇನ್ನೊಂದು. ನೀವೆಲ್ಲ ಲೆಕ್ಕವನ್ನು ಬೆಂಗಳೂರಿನಿಂದ ಶುರು ಮಾಡಿದ್ದೀರಿ. ತೀರ್ಥಹಳ್ಳಿಯವರು ಮನೆ ಬಿಡುವುದು ಯಾವಾಗ? ನಸುಕಿನ ವಿಮಾನಕ್ಕೆ ಮಧ್ಯರಾತ್ರಿ ದೇವನಹಳ್ಳಿಯಲ್ಲಿರಬೇಕು, ಅಂದರೆ ಹಿಂದಿನ ಮಧ್ಯಾಹ್ನ ಹೊರಡಬೇಕು. ಏಳೆಂಟು ಗಂಟೆ ರಸ್ತೆ, ಮೂರು ಗಂಟೆ ಕಾಯುವುದು, ನಾಲ್ಕೂವರೆ ಗಂಟೆ ವಿಮಾನ. ದೋಹಾ ಮುಟ್ಟುವ ಹೊತ್ತಿಗೇ ಒಂದು ರಾತ್ರಿ ನಿದ್ದೆ ಪೂರ್ತಿ ಹೋಗಿರುತ್ತದೆ. ಮೊದಲ ಲೇಓವರ್ ಬೆಂಗಳೂರಿನಲ್ಲೇ ಕೊಡು. ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಮಲಗಿ, ಮರುದಿನ ಮಧ್ಯಾಹ್ನವೂ ಮಲಗಿ, ಆಮೇಲೆ ಹೊರಡಲಿ.

ಚೀಟಿ ಬರೆದುಕೊಡು. ಫೋನಿನಲ್ಲಿ ಅಲ್ಲ, ಕಾಗದದಲ್ಲಿ. ಮೇಲೆ ಕನ್ನಡ, ಕೆಳಗೆ ದೊಡ್ಡ ಅಕ್ಷರದ ಇಂಗ್ಲಿಷ್. "ನಾವು ಡಲ್ಲಾಸಿಗೆ ಹೋಗಬೇಕು, ಬಾಗಿಲು ಎಲ್ಲಿ?" ಒಂದು. "ಸಕ್ಕರೆ ಕಾಯಿಲೆ ಇದೆ, ತಿನ್ನಲು ಏನಾದರೂ ಕೊಡಿ" ಒಂದು. ನಿನ್ನ ವಿಳಾಸ, ಫೋನ್ ಒಂದು. ನಾಲ್ಕನೆಯದು ನಮ್ಮ ಮನೆಯವರು ಸೇರಿಸಿದ್ದು, "ನನ್ನ ಗಂಡ ಕಾಣಿಸುತ್ತಿಲ್ಲ". ಎರಡು ಸಲ ಉಪಯೋಗಕ್ಕೆ ಬಂದಿದೆ.

ಎಂಎನ್‌ಸಿ_ಕೂಲಿ
ಭಾನುವಾರ, ರಾತ್ರಿ 8:02

ನಾಲ್ಕನೇ ಚೀಟಿ ನಮ್ಮನೇಲಿ ಮಾಲ್‌ಗೆ ಹೋಗುವಾಗಲೂ ಬೇಕು.

ಮಳೆಗೆ_ಸಿಕ್ಕವ
ಭಾನುವಾರ, ರಾತ್ರಿ 9:45

ಔಷಧಿ ಕೈಚೀಲದಲ್ಲಿ ಅಂತ ಒಬ್ಬರು ಬರೆದಿದ್ದಾರೆ, ಅದಕ್ಕೆ ಅಡಿಗೆರೆ ಹಾಕ್ತೀನಿ. 2024ರ ಏಪ್ರಿಲ್ 16, ದುಬೈಯಲ್ಲಿ 75 ವರ್ಷದಲ್ಲಿ ಕಾಣದ ಮಳೆ ಬಂತಲ್ಲ, ಅವತ್ತು ನಾನು ಅಲ್ಲಿ ಮೂರು ಗಂಟೆ ಲೇಓವರ್‌ಗೆ ಇಳಿದಿದ್ದೆ. ಹೊರಟದ್ದು ಎರಡು ದಿನ ಬಿಟ್ಟು. ಸೂಟ್‌ಕೇಸ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯರ ಬಿ.ಪಿ. ಮಾತ್ರೆ ಅದರೊಳಗೆ. ಯಾರ ತಪ್ಪೂ ಅಲ್ಲ, ಮಳೆ. ಐದು ದಿನಕ್ಕಾಗುವಷ್ಟು ಮಾತ್ರೆ, ಒಂದು ಜೊತೆ ಬಟ್ಟೆ, ಚಾರ್ಜರ್ ಹೆಗಲ ಮೇಲಿರಲಿ. ಪವರ್ ಬ್ಯಾಂಕ್ ಸೂಟ್‌ಕೇಸಿಗೆ ಹಾಕಬಾರದು, ಕೈಚೀಲಕ್ಕೇ. ಕೆಲವು ಏರ್‌ಲೈನ್‌ಗಳು ಹಾರುವಾಗ ಅದನ್ನ ಬಳಸೋಕೂ ಬಿಡಲ್ಲ, ಎಮಿರೇಟ್ಸ್ 2025ರ ಅಕ್ಟೋಬರಿಂದ ನಿಲ್ಲಿಸಿದೆ. ಅದಕ್ಕೇ ಲೇಓವರ್‌ನಲ್ಲೇ ಫೋನ್ ಪೂರ್ತಿ ಚಾರ್ಜ್ ಮಾಡ್ಕೊಳ್ಳಿ ಅನ್ನಿ.

ಧಾರವಾಡ_ಫೇಡೆ
ಸೋಮವಾರ, ಬೆಳಿಗ್ಗೆ 6:30

ಯಾವ ಟಿಕೆಟ್ ಆತ್ರಿ ಅಕ್ಕಾರ?

ತುಂಗೆಯ_ತೀರ
ಸೋಮವಾರ, ಬೆಳಿಗ್ಗೆ 8:15

ದೋಹಾ, 9 ಗಂಟೆ. ಒಳಗಿನ ಹೋಟೆಲ್ಲೂ ಬುಕ್ ಮಾಡಿದೆ. ವೀಲ್‌ಚೇರ್ ಅಮ್ಮನಿಗೆ ಮಾತ್ರ. ಗಸಗಸೆ ಪಕ್ಕದ ಮನೆಗೆ ಹೋಯ್ತು. ಬಂದ ಮೇಲೆ ಬರೀತೀನಿ.

ತುಂಗೆಯ_ತೀರ
ಏಳು ವಾರದ ನಂತರ, ಗುರುವಾರ, ರಾತ್ರಿ 11:20

ಕ್ಷಮಿಸಿ, ತಡ ಆಯ್ತು. ಕಾರಣ ತೊಟ್ಟಿಲಲ್ಲಿದೆ, ಮೂರು ಕೇಜಿ ಇನ್ನೂರು ಗ್ರಾಂ, ಹೆಣ್ಣು. ಅಪ್ಪ-ಅಮ್ಮ ಸುಖವಾಗಿ ಬಂದ್ರು.

ಬೆಂಗಳೂರಿಂದ ವಿಮಾನ 35 ನಿಮಿಷ ತಡ. ನಾನಿಲ್ಲಿ ಎದ್ದು ಕೂತಿದ್ದೆ, ಅವರಿಗೆ ಗೊತ್ತೇ ಆಗಿಲ್ಲ. ಹೋಟೆಲ್‌ನಲ್ಲಿ ಅಮ್ಮ ಐದು ಗಂಟೆ ಮಲಗಿದ್ರಂತೆ. ಅಪ್ಪ ಎರಡೇ ಗಂಟೆ. ಎದ್ದು ಅಮ್ಮನ ಪಕ್ಕ ಚೀಟಿ ಇಟ್ಟು ("ಕರಡಿ ನೋಡಿ ಬರ್ತೀನಿ") ಒಬ್ಬರೇ ಹೊರಟಿದ್ದಾರೆ! ಅಮ್ಮ ಎದ್ದು ಮೇಷ್ಟ್ರ ನಾಲ್ಕನೇ ಚೀಟಿ ಹುಡುಕಿದ್ದಾರೆ. ಅಷ್ಟರಲ್ಲಿ ಅಪ್ಪ ವಾಪಸ್.

ಅಲ್ಲಿ ಗಾಜಿನ ಮಾಡಿನ ಕೆಳಗೆ ಒಂದು ತೋಟ ಇದೆಯಂತಲ್ಲ, ದೊಡ್ಡ ದೊಡ್ಡ ಮರ ಇರೋದು. ಅಪ್ಪನಿಗೆ ಕರಡಿಗಿಂತ ಅದು ಹಿಡಿಸಿಬಿಟ್ಟಿದೆ. ಒಂದೊಂದು ಮರವನ್ನೂ ಮುಟ್ಟಿ ನೋಡಿ, ಬುಡದಲ್ಲಿ ಮಣ್ಣು ಹೇಗಿದೆ, ನೀರು ಎಲ್ಲಿಂದ ಬಿಡ್ತಾರೆ ಅಂತ ಒಂದು ಗಂಟೆ ಅಲ್ಲೇ ಕಳೆದಿದ್ದಾರೆ. ಅಲ್ಲಿಂದ ನನಗೆ ಬಂದ ಧ್ವನಿ ಸಂದೇಶ ಇಷ್ಟೇ: "ಮಳೆ ಇಲ್ಲ, ಮಂಗ ಇಲ್ಲ, ಕೊಳೆರೋಗನೂ ಇಲ್ಲ. ಹಿಂಗಾದ್ರೆ ಯಾರು ಬೇಕಾದ್ರೂ ತೋಟ ಮಾಡಬಹುದು ಕಣೇ." ಗುಡಿಸುತ್ತಿದ್ದ ಹುಡುಗ ಕುಂದಾಪುರದವನಂತೆ. ಅವನ ಅಪ್ಪನ ಹೆಸರು, ಗದ್ದೆ ಎಷ್ಟು, ಬಸ್ ಯಾವುದು, ಎಲ್ಲ ವಿಚಾರಿಸಿಕೊಂಡು ಬಂದಿದ್ದಾರೆ. ನಾನು ಇಲ್ಲಿ ಭಾಷೆ ಬರಲ್ಲ ಅಂತ ನಿದ್ದೆಗೆಟ್ಟಿದ್ದೆ.

ಡಲ್ಲಾಸಲ್ಲಿ ಇಳಿದಾಗ ಅಮ್ಮನ ಕಾಲು ಸ್ವಲ್ಪ ಊದಿತ್ತು, ಮರುದಿನ ಇಳೀತು. ಸಂಡಿಗೆ, ಸಾರಿನಪುಡಿ ಎಲ್ಲ ಹೇಳಿಕೊಂಡೇ ತಂದ್ರು, ಏನೂ ಅನ್ನಲಿಲ್ಲ. ಎರಡು ವಾರ ಮಾತ್ರ ರಾತ್ರಿ ಎರಡಕ್ಕೆ ಎದ್ದು ಇಬ್ಬರೂ ಅಡುಗೆಮನೇಲಿ ಕಾಫಿ ಕುಡೀತಿದ್ರು. ಈಗ ಮಗು ಎಬ್ಬಿಸುತ್ತೆ, ಹಾಗಾಗಿ ಅನುಕೂಲವೇ ಆಯ್ತು.

ನಿವೃತ್ತ_ಮೇಷ್ಟ್ರು
ಶುಕ್ರವಾರ, ಬೆಳಿಗ್ಗೆ 6:10

ಮಗುವಿಗೆ ಆಶೀರ್ವಾದ. ನಾಲ್ಕನೇ ಚೀಟಿಯ ವಿಷಯ ಮನೆಯವರಿಗೆ ಓದಿ ಹೇಳಿದೆ. ಮೂರನೇ ಸಲ ಅಂತ ಲೆಕ್ಕ ಹಾಕಿಕೊಂಡರು.

ಕಡಲತಡಿ
ಶುಕ್ರವಾರ, ಬೆಳಿಗ್ಗೆ 9:00

ಅಭಿನಂದನೆ ಅಕ್ಕ! ಹೋಗುವಾಗ ನಮ್ಮ ದುಬೈಗೆ ಹಾಕಿ ಆಯ್ತಾ. ಖಾಡಿ ದಡದಲ್ಲಿ ಬಂದು ನಿಲ್ತೇನೆ.

ತುಂಗೆಯ_ತೀರ
ಶುಕ್ರವಾರ, ರಾತ್ರಿ 10:30

ಅಪ್ಪ ಆಗಲೇ ಹೇಳಿದಾರೆ, ದೋಣಿ ಹತ್ತಬೇಕಂತೆ. ಅಮ್ಮ ಇಡ್ಲಿಗೆ. ಟಿಕೆಟ್ ನಿನ್ನೆ ತೆಗೆದೆ, ದುಬೈಯಲ್ಲಿ 10 ಗಂಟೆ. ಭಾನುವಾರ ಅಲ್ಲ, ಬುಧವಾರ.